ಎತ್ತಿದ ಕೈ

ಚೆನ್ನೈ
೧೮ ಜನವರಿ ೨೦೨೪

ಅಮ್ಮಾ,

ಫೋನ್ ಎತ್ತಲ್ಲ ಅಂತ ಗೊತ್ತು, ಅದಕ್ಕೇ ಕಾಗದ. ಸಿನಿಮಾ ಕೆಲಸಕ್ಕೆ ಸೇರ್ತೀನಿ ಅಂದ ದಿನ "ಹಾಗಿದ್ರೆ ಈ ಹೊಸ್ತಿಲು ತುಳೀಬೇಡ" ಅಂದೆ. ನಾನು ತುಳೀತಿಲ್ಲ, ಪೋಸ್ಟ್‌ಮ್ಯಾನ್ ತುಳೀತಾನೆ. ನಿನ್ನ ಸಮಾಚಾರವೆಲ್ಲ ನಿನ್ನ ಜೊತೆ ಸಸಿ ಕೆಲಸ ಮಾಡೋ ಬಷೀರಾ ಅಕ್ಕ ಹೇಳ್ತಾ ಇರ್ತಾರೆ. ನರ್ಸರಿಗೆ ಹೊಸ ನೆರಳು ಪರದೆ ಹಾಕಿಸಿದ್ದೀಯಂತೆ, ಶ್ರೀನಿವಾಸಪುರದ ಕಡೆಯಿಂದಲೂ ಟೊಮೆಟೊ ಸಸಿಗೆ ಜನ ಬರ್ತಿದ್ದಾರಂತೆ. ಮಂಡಿ ನೋವಿಗೆ ಮಾತ್ರ ಯಾರಿಗೂ ತೋರಿಸ್ತಿಲ್ಲವಂತೆ.

ಇದನ್ನ ಬರೀತಿರೋದು ಒಂದು ಖುಷಿಗೆ. ನನ್ನ ಕೆಲಸ ಏನು ಅಂತ ನೀನು ಯಾವತ್ತೂ ಕೇಳ್ಲಿಲ್ಲ, ನಾನೇ ಹೇಳ್ತೀನಿ. ಹಳೇ ಸಿನಿಮಾಗಳ ರೀಲು ತೊಳೆದು, ಗೀರು ಅಳಿಸಿ, ಹಾರಿಹೋದ ಬಣ್ಣ ವಾಪಸ್ ತರೋದು. ಈಗ ಕೈಗೆ ಬಂದಿರೋದು 'ಹಳದಿ ಮಧ್ಯಾಹ್ನ' ಅನ್ನೋ ೧೯೮೭ರ ಸಿನಿಮಾ. ಮಾಲೂರು ಅಮರನಾಥ್ ಅವರ ನಿರ್ದೇಶನ. ಇಡೀ ಸಿನಿಮಾ ನಮ್ಮ ಕಡೆಯದೇ ಕಣಮ್ಮ! ಶ್ರೀನಿವಾಸಪುರದ ಮಾವಿನ ತೋಪು, ಮುಳಬಾಗಿಲಿನ ಬೀದಿ, ಆಮೇಲೆ ನಮ್ಮ ಕುರುಡುಮಲೆ ಬೆಟ್ಟ. ಬೆಟ್ಟ ಬಂದಾಗ ನಾನು ಕೂತಲ್ಲಿಂದ ಎದ್ದೇ ಬಿಟ್ಟೆ.

ಕೊಲೆಯ ಕಥೆ. ಕೊಲೆಯ ಸಿನಿಮಾ ಅಂದ್ರೆ ಕತ್ತಲು, ಮಳೆ, ಸಿಗರೇಟಿನ ಹೊಗೆ, ಗೋಡೆ ಮೇಲೆ ನೆರಳು ಇರುತ್ತಲ್ಲ? ಇದರಲ್ಲಿ ಒಂದೇ ಒಂದು ರಾತ್ರಿ ಇಲ್ಲ. ನಡೆಯೋದೆಲ್ಲ ನಡುಮಧ್ಯಾಹ್ನ, ಕಣ್ಣು ಕುಕ್ಕೋ ಬಣ್ಣದಲ್ಲಿ. ಬಂದಾಗ ಇಡೀ ಪ್ರಿಂಟು ನೇರಳೆಗೆ ತಿರುಗಿತ್ತು. ಒಂದೊಂದೇ ಹಸಿರು, ಒಂದೊಂದೇ ಹಳದಿ ನಾನೇ ಕೂತು ವಾಪಸ್ ತರ್ತಿದ್ದೀನಿ. ಅದರ ಹಳೇ ಪೋಸ್ಟರ್ ಒಂದು ಸಿಕ್ಕಿತು. ಹಸಿರು ನೀರಿಂದ ಎದ್ದು ಬಂದಿರೋ ಒಂದು ಕೈ, ಅಷ್ಟೇ. ಮಂಚದ ಮೇಲ್ಗಡೆ ಅಂಟಿಸ್ಕೊಂಡಿದ್ದೀನಿ. ಬೆಳಿಗ್ಗೆ ಎದ್ದ ತಕ್ಷಣ ಊರು ನೋಡಿದ ಹಾಗಾಗುತ್ತೆ.

ಒಂದು ಸಾಲಾದರೂ ಬರಿ.

ನಿನ್ನ ಮಗಳು,
ದಿವ್ಯ


ಕುರುಡುಮಲೆ
೨೭ ಜನವರಿ

ದಿವ್ಯಾ,

ಆ ಪೋಸ್ಟರ್ ಕಿತ್ತು ಹಾಕು. ಆ ರೀಲುಗಳನ್ನ ಸುಟ್ಟು ಹಾಕು. ಕೆಲಸ ಹೋದರೆ ಹೋಗಲಿ. ಯಾಕೆ ಅಂತ ಕೇಳಬೇಡ.

ಆದಿಲಕ್ಷ್ಮಿ


ಚೆನ್ನೈ
೫ ಫೆಬ್ರವರಿ

ಅಮ್ಮಾ,

ಹೆತ್ತ ಮಗಳಿಗೆ 'ಆದಿಲಕ್ಷ್ಮಿ' ಅಂತ ಸಹಿ ಹಾಕಿದ್ದೀಯಲ್ಲ, ಅದನ್ನೇ ಎಷ್ಟೋ ಹೊತ್ತು ನೋಡ್ತಾ ಕೂತಿದ್ದೆ.

ಕೇಳಬೇಡ ಅಂದರೂ ಕೇಳ್ತೀನಿ. ಸಿನಿಮಾದಲ್ಲಿ ಒಬ್ಬಳು ಹೆಂಗಸು. ಶೋಭಾರಾಣಿ ಅನ್ನೋ ನಟಿ, ಈಗಿಲ್ಲ ಅವರು. ಮಾವಿನ ತೋಪಿನ ಯಜಮಾನನ ಹೆಂಡತಿ. ಪ್ರಿಯಕರನ ಜೊತೆ ಸೇರಿ ಗಂಡನನ್ನ ಕೊಲ್ತಾಳೆ. ಆಮೇಲೆ ಪ್ರಿಯಕರನೂ ಹೊರೆ ಆಗ್ತಾನೆ. ಅವನನ್ನ ನಮ್ಮೂರ ಕ್ವಾರಿ ಹೊಂಡಕ್ಕೆ ಕರ್ಕೊಂಡು ಬಂದು ನೀರಿಗೆ ತಳ್ಳಿ, ಬಂಡೆ ಮೇಲೆ ಕೂತು ಮಾವಿನಹಣ್ಣು ತಿಂತಾಳೆ. ಹಳದಿ ಸೀರೆ, ಹಳದಿ ಹಣ್ಣು. ಅವನು ಮುಳುಗ್ತಾನೆ, ಏಳ್ತಾನೆ, ಮತ್ತೆ ಮುಳುಗ್ತಾನೆ. ಕೊನೆಗೆ ಒಂದು ಕೈ ಮಾತ್ರ ಮೇಲೆ ಬರುತ್ತೆ. ನಾನು ಓದಿದ ಕಾಲೇಜಿನಲ್ಲಿ ಆ ಕೈ ಬಗ್ಗೆ ಪಾಠವೇ ಇತ್ತು.

ಅದು ನಟನೆ ಅಮ್ಮ. ಮುಖ ಕಾಣದ ಹಾಗೆ ನಟನ ಬದಲು ಮದ್ರಾಸಿನ ಸ್ಟಂಟ್‌ನವನನ್ನ ಇಳಿಸಿದ್ದು ಅಂತ ಅಮರನಾಥ್ ಎಲ್ಲಾ ಸಂದರ್ಶನದಲ್ಲೂ ಹೇಳ್ತಾರೆ. "ಅವನು ನಿಜವಾಗ್ಲೂ ಸತ್ತನಾ ಅಂತ ಜನ ಇವತ್ತಿಗೂ ಕೇಳ್ತಾರೆ. ಆಚೆ ದಡದಲ್ಲಿ ಎದ್ದು ಬಂದು ಟೀ ಕೊಡಿ ಸಾರ್ ಅಂದ" ಅಂತ ನಗ್ತಾರೆ.

ಚನ್ನರಾಯ ಮಾಮ ಈಜೋಕೆ ಹೋಗಿ ಕ್ವಾರಿ ಹೊಂಡದಲ್ಲಿ ಹೋದ್ರು ಅಂತ ಅಜ್ಜಿ ಒಂದು ಸಲ ಹೇಳಿದ್ದು ನೆನಪಿದೆ. ಅದೇ ಹೊಂಡ ಅಂತ ನಿನಗೆ ಸಂಕಟವಾ?

ದಿವ್ಯ


ಕುರುಡುಮಲೆ
೧೯ ಫೆಬ್ರವರಿ

ದಿವ್ಯಾ,

ಟೀ ಕೇಳಿದನಂತಾ? ಆ ಮಾತು ನಾನೂ ಒಂದು ಸಲ ಟಿವಿಯಲ್ಲಿ ಕೇಳಿದೆ. ನೀನಾಗ ತೊಡೆ ಮೇಲಿನ ಕೂಸು. ನಮ್ಮನೆ ಟಿವಿ ಹೇಗೆ ಒಡೀತು ಅಂತ ಕೇಳ್ತಿದ್ದೆಯಲ್ಲ, ಬೆಕ್ಕು ಬೀಳಿಸಿದ್ದಲ್ಲ. ನಾನೇ ಒನಕೆ ತಗೊಂಡು ಕುಟ್ಟಿದ್ದು.

ಅದು ಮದ್ರಾಸಿನವನ ಕೈ ಅಲ್ಲ. ನಿನ್ನ ಸೋದರಮಾವನ ಕೈ.

ನಮ್ಮಣ್ಣ ಚನ್ನರಾಯನಷ್ಟು ಈಜೋನು ಈ ಕಡೆ ಯಾರೂ ಇರಲಿಲ್ಲ. ಮೇಲಿನ ಬಂಡೆಯಿಂದ ಧುಮುಕಿ ತಳದ ಮಣ್ಣು ಹಿಡ್ಕೊಂಡು ಬರೋನು. ಮದ್ರಾಸಿನ ಸ್ಟಂಟ್‌ನವನು ಹೊಂಡ ನೋಡಿ ಒಲ್ಲೆ ಅಂದನಂತೆ. ಆಗ ಯಾರೋ ಅಣ್ಣನ್ನ ತೋರಿಸಿದ್ರು. ಅವನಿಗೋ ಸಿನಿಮಾ ಅಂದ್ರೆ ಪ್ರಾಣ. ಮುಖ ಕಾಣಲ್ಲ ಅಂದ್ರೂ ಕುಣ್ಕೊಂಡು ಹೋದ. ಕೋಟು, ಬೂಟು ಹಾಕಿಸಿದ್ರು. ಈಜು ಬಂದೋನು ತಾನಾಗೇ ತೇಲ್ತಾನೆ, ಮುಳುಗಿದ ಹಾಗೆ ಕಾಣಲ್ಲ ಅಂತ ಅಮರನಾಥ್ ಕೋಟಿನ ಒಳಗೆ, ಸೊಂಟಕ್ಕೆ ಸೀಸದ ಗುಂಡು ಕಟ್ಟಿಸಿದ. "ತೊಂದರೆ ಆದ್ರೆ ಕೈ ಎತ್ತಪ್ಪ, ಕಟ್ ಅಂತೀನಿ, ನಮ್ಮೋರು ಹಾರ್ತಾರೆ" ಅಂತ ಹೇಳಿದ್ದ. ಅಣ್ಣ ಇದನ್ನೆಲ್ಲ ಹಿಂದಿನ ಸಂಜೆ ಮನೆಯಲ್ಲಿ ಅಭಿನಯ ಮಾಡಿ ತೋರಿಸಿದ್ದ.

ನಾನು ಬುತ್ತಿ ತಗೊಂಡು ಹೋಗಿದ್ದೆ. ಅವನಿಗೆ ಇಷ್ಟ ಅಂತ ಅವರೆಕಾಳು ಸಾರು, ಮುದ್ದೆ. ನಾನು ಹೋಗೋ ಹೊತ್ತಿಗೆ ಅವನು ನೀರಲ್ಲಿದ್ದ. ನೋಡ್ತಾ ನೋಡ್ತಾ ಇದ್ದ ಹಾಗೇ ಕೈ ಎದ್ದಿತು.

ಕ್ಯಾಮೆರಾದವನು ತಿರುಗಿ "ಆಪಮಂಟಾರಾ ಸಾರ್?" ಅಂದ. ನಿಲ್ಲಿಸೋದಾ ಅಂತ. ನಮಗೆ ತೆಲುಗು ಬರಲ್ಲವಾ? ಅಮರನಾಥ್ ಹೇಳಿದ್ದೂ ನನಗೆ ತಿಳೀತು. "ಒದ್ದು. ಕಾನೀ." ಬೇಡ, ನಡೀಲಿ.

ನಾನು ಕೂಗಿಕೊಂಡೆ. ಅವರ ಕಡೆಯ ಒಬ್ಬ ಗಂಡಸು ಹಿಂದಿನಿಂದ ಬಂದು ನನ್ನ ಬಾಯಿ ಅದುಮಿ ಹಿಡಿದ. "ಶೂಟಿಂಗ್ ನಡೀತಿದೆ, ಸದ್ದು ಮಾಡಬೇಡ." ಕೊಸರಿ ಬಿಡಿಸ್ಕೊಂಡು ಓಡೋ ಹೊತ್ತಿಗೆ ಅಣ್ಣನ ಕೈ ಮುಳುಗಿತ್ತು. ಆ ಗಂಡಸಿನ ಕೈಗೆ ಗ್ರೀಸಿನ ವಾಸನೆ ಇತ್ತು. ಇವತ್ತಿಗೂ ಟ್ರ್ಯಾಕ್ಟರ್ ರಿಪೇರಿಯವನು ಬಂದ್ರೆ ನಾನು ಒಳಗೆ ಹೋಗಿಬಿಡ್ತೀನಿ.

ಶೂಟಿಂಗ್ ಮುಗಿದ ಮೇಲೆ ಹುಡುಗ ಕುಡಿದು ಈಜೋಕೆ ಇಳಿದ ಅಂತ ಪೊಲೀಸರ ಹತ್ತಿರ ಬರೆಸಿದ್ರು. ಅಣ್ಣ ಕಳ್ಳು ಕೂಡ ಮುಟ್ಟಿದೋನಲ್ಲ. ನಮ್ಮಪ್ಪ ದೊಡ್ಡಮುನಿಯಪ್ಪನಿಗೆ ಅಕ್ಷರ ಬರಲ್ಲ, ಹೆಬ್ಬೆಟ್ಟು ಒತ್ತಿಸ್ಕೊಂಡ್ರು. ನಾನು ಹೇಳಿದ್ದಕ್ಕೆ, ಅಣ್ಣ ಹೋದ ದುಃಖಕ್ಕೆ ಹುಡುಗಿಗೆ ತಲೆ ಕೆಟ್ಟಿದೆ ಅಂದ್ರು. ನಮ್ಮಮ್ಮನೂ ಹಾಗೇ ನಂಬಿದ್ಲು. ಅಣ್ಣನ ಒಂದು ಫೋಟೋ ಕೂಡ ನಮ್ಮನೆಯಲ್ಲಿ ಇಲ್ಲ. ಇರೋದು ಆ ಸಿನಿಮಾದಲ್ಲಿ ಮಾತ್ರ, ಸಾಯ್ತಾ ಇರೋದು.

ಅವನು ಸಾಯೋದಕ್ಕೆ ಜನ ಚಪ್ಪಾಳೆ ಹೊಡೀತಾರೆ. ನೀನು ಅದಕ್ಕೆ ಬಣ್ಣ ಹಚ್ಚಿಕೊಡ್ತಿದ್ದೀಯ.

ಸುಟ್ಟು ಹಾಕು.

ಅಮ್ಮ


ಚೆನ್ನೈ
೧೪ ಮಾರ್ಚ್

ಅಮ್ಮಾ,

ಕಾಗದ ಬಂದ ದಿನವೇ ಪೋಸ್ಟರ್ ಕಿತ್ತೆ. ಉತ್ತರ ಬರೆಯೋಕೆ ಇಷ್ಟು ದಿನ ಬೇಕಾಯ್ತು, ಯಾಕಂದ್ರೆ ನಾನು ಹುಡುಕ್ತಿದ್ದೆ.

ನಿರ್ಮಾಪಕರು ತೀರಿಕೊಂಡಿದ್ದಾರೆ. ಅವರ ಮಗ ಗೋಡೌನಿನಲ್ಲಿದ್ದ ಡಬ್ಬಗಳನ್ನೆಲ್ಲ ಗುಡಿಸಿ ಕಳಿಸಿದ್ದ. ಸಿನಿಮಾಗೆ ಬಳಸದೆ ಬಿಟ್ಟ ತುಂಡುಗಳೂ ಅದರಲ್ಲಿದ್ದವು. ಆ ಹೊಂಡದ ಶಾಟ್ ಸಿಕ್ಕಿದೆ, ಶುರುವಿನಿಂದ ಕೊನೆವರೆಗೂ.

ಸಿನಿಮಾದಲ್ಲಿ ಕೈ ಮುಳುಗಿದ ತಕ್ಷಣ ಬೇರೆ ದೃಶ್ಯ ಬರುತ್ತೆ. ಈ ತುಂಡಿನಲ್ಲಿ ಬರಲ್ಲ. ಕೈ ಹೋಗುತ್ತೆ. ನೀರು ಅಲುಗಾಡ್ತಾ ಅಲುಗಾಡ್ತಾ ಸುಮ್ಮನಾಗುತ್ತೆ. ಶೋಭಾರಾಣಿ ಹಣ್ಣು ಕೈಬಿಟ್ಟು ಎದ್ದು ನಿಲ್ತಾರೆ, ಈಚೆ ನೋಡಿ ಏನೋ ಕಿರುಚ್ತಾರೆ. ಆಮೇಲೆ ಸೀರೆ ಸಮೇತ ನೀರಿಗೆ ಇಳೀತಾರೆ. ಎದೆಮಟ್ಟ ಹೋಗಿ ಕೈಯಾಡಿಸಿ ಹುಡುಕ್ತಾರೆ. ಅಷ್ಟರಲ್ಲಿ ಬಲಗಡೆಯಿಂದ ಒಂದು ಹುಡುಗಿ ಓಡಿ ಬರುತ್ತೆ. ಹಸಿರು ಲಂಗ, ಎರಡು ಜಡೆ. ಎಡವಿ ಬೀಳುತ್ತೆ, ಇಬ್ಬರು ಅದನ್ನ ಎಳ್ಕೊಂಡು ಹೋಗ್ತಾರೆ.

ನಿನ್ನನ್ನ ಆ ವಯಸ್ಸಿನಲ್ಲಿ ನಾನು ಯಾವತ್ತೂ ನೋಡಿರ್ಲಿಲ್ಲ ಅಮ್ಮ.

ಆಮೇಲೆ ಬಿಳಿ ಟೋಪಿ ಹಾಕ್ಕೊಂಡ ಒಬ್ಬರು ಅಡ್ಡ ಬರ್ತಾರೆ. ನೀರು ನೋಡ್ತಾರೆ. ಕ್ಯಾಮೆರಾ ಕಡೆ ತಿರುಗಿ ಬೆರಳು ಸುತ್ತಿಸ್ತಾರೆ, ಓಡ್ತಾ ಇರ್ಲಿ ಅಂತ. ಅಮರನಾಥ್. ಮುಖ ಸ್ಪಷ್ಟವಾಗಿದೆ.

ಶಬ್ದ ಇಲ್ಲ. ಬಣ್ಣ ಮಾತ್ರ ಒಂಚೂರೂ ಕೆಟ್ಟಿಲ್ಲ. ಡಬ್ಬ ತೆಗೆದೇ ಇರ್ಲಿಲ್ಲವಲ್ಲ, ನಿನ್ನೆ ಶೂಟ್ ಮಾಡಿದ ಹಾಗಿದೆ.

ಜೂನ್ ಒಂದನೇ ತಾರೀಖು ಕೋಲಾರದಲ್ಲಿ ಅವರಿಗೆ ಸನ್ಮಾನ. ಸಿನಿಮಾದ ಮುಖ್ಯ ದೃಶ್ಯಗಳನ್ನ ತೋರಿಸ್ತಾರೆ, ಒಂದೊಂದರ ಬಗ್ಗೆಯೂ ಅವರೇ ಮೈಕ್ ಹಿಡಿದು ಮಾತಾಡ್ತಾರೆ. ದೃಶ್ಯಗಳನ್ನ ಹಾಕೋಕೆ ನಮ್ಮ ಲ್ಯಾಬಿನಿಂದ ನಾನೇ ಬರ್ಬೇಕು. ಏನು ಮಾಡ್ಲಿ?

ದಿವ್ಯ


ಕುರುಡುಮಲೆ
೨೧ ಮಾರ್ಚ್

ದಿವ್ಯಾ,

ಸುಡಬೇಡ.

ಕೋಲಾರದಲ್ಲಿ ಅದನ್ನೇ ಹಾಕು. ಪೂರ್ತಿ ಹಾಕು. ಅವನು ಎಲ್ಲರ ಮುಂದೆ ಹಾರ ಹಾಕ್ಕೊಂಡು ಕೂತಿರೋವಾಗ ಹಾಕು. ಅವನ ಮುಖ ನಾನು ನೋಡ್ಬೇಕು.

ನಿನ್ನ ಕೆಲಸ ಹೋಗುತ್ತೆ. ಹೋಗಲಿ ಅಂತ ಹೇಳೋ ತಾಯಿ ನಾನು. ನಿಮ್ಮಪ್ಪ ಇದ್ದಿದ್ರೆ ಬೇರೆ ಮಾತು ಹೇಳ್ತಿದ್ರೋ ಏನೋ. ನನಗೆ ಈ ಒಂದು ಮಾತು ಬಿಟ್ಟು ಬೇರೆ ಮಾತೇ ಬರ್ತಿಲ್ಲ.

ಶೋಭಾರಾಣಿ ನೀರಿಗಿಳಿದಿದ್ದು ನನಗೆ ಗೊತ್ತಿರಲಿಲ್ಲ, ಓಡಿ ಬಂದಾಗ ಅಣ್ಣ ಮುಳುಗಿದ ಜಾಗ ಬಿಟ್ಟು ಬೇರೇನೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅವಳಿಗೂ ಹಿಡಿ ಶಾಪ ಹಾಕ್ತಾ ಬಂದಿದ್ದೆ. ಅವಳ ಪಾಲಿನದು ವಾಪಸ್ ತಗೊಂಡಿದ್ದೀನಿ. ಅವನ ಪಾಲಿಗೆ ಸೇರಿಸಿದ್ದೀನಿ.

ಅಮ್ಮ


ಚೆನ್ನೈ
೨ ಏಪ್ರಿಲ್

ಅಮ್ಮಾ,

ಆಗಲ್ಲ ನನ್ನ ಕೈಲಿ. ಕೆಲಸ ಹೋಗುತ್ತೆ ಅಂತಲ್ಲ. ಜನ ನಂಬಿ ರೀಲು ಕೊಡ್ತಾರೆ, ನಾವು ಒಂದು ಫ್ರೇಮ್ ಕೂಡ ಹೆಚ್ಚು ಕಡಿಮೆ ಮಾಡದೆ ವಾಪಸ್ ಕೊಡ್ಬೇಕು. ಅದನ್ನ ಚಾಕು ಥರ ಬಳಸಿದ್ರೆ ನಾಳೆ ನನ್ನ ಕೈಗೆ ಯಾರು ಏನು ಕೊಡ್ತಾರೆ? ಇಲ್ಲಿ ಒಬ್ಬ ಲಾಯರನ್ನ ಕೇಳಿದ್ದೀನಿ. ದೂರು ಕೊಡೋಣ, ನ್ಯಾಯವಾಗಿ ಮಾಡೋಣ. ಸ್ವಲ್ಪ ತಡೆದುಕೋ.

ದಿವ್ಯ


ಚೆನ್ನೈ
೨೦ ಮೇ

ಅಮ್ಮಾ,

ನೀನು ಉತ್ತರ ಬರೀಲಿಲ್ಲ. 'ತಡೆದುಕೋ' ಅನ್ನೋ ಮಾತನ್ನ ನಿನಗೆ ಬರೆದೆನಲ್ಲ ಅಂತ ಆಮೇಲೆ ನನಗೇ ನಾಚಿಕೆ ಆಯ್ತು.

ನಿನ್ನೆ ಅಮರನಾಥ್ ಲ್ಯಾಬಿಗೆ ಬಂದಿದ್ರು, ಬಣ್ಣ ನೋಡಿ ಒಪ್ಪೋಕೆ. ಎಂಬತ್ತು ದಾಟಿದೆ, ಕಣ್ಣು ಹದ್ದಿನ ಹಾಗಿದೆ. ನಾನು ಕೋಲಾರದ ಕಡೆಯವಳು ಅಂದ ತಕ್ಷಣ "ಅಬ್ಬೋ, ನಮ್ಮ ಹುಡುಗಿ!" ಅಂತ ಬೆನ್ನು ತಟ್ಟಿದ್ರು. ಮಾವಿನ ತೋಪು ನೋಡಿ ಮಗುವಿನ ಹಾಗೆ ಖುಷಿಪಟ್ರು. ಒಳ್ಳೇ ಮನುಷ್ಯನ ಹಾಗೇ ಇದ್ದಾರೆ ಅಮ್ಮ, ಅದೇ ಭಯ.

ಹೊಂಡದ ದೃಶ್ಯ ಬಂತು. ನಾನು ಕೇಳಿದೆ, "ಸಾರ್, ಈ ಕೈ ಯಾರದು?"

"ಯಾರೋ ಮದ್ರಾಸಿನವನಮ್ಮ. ಆಚೆ ದಡಕ್ಕೆ ಹೋಗಿ ಟೀ ಕೇಳಿದ."

"ನಿಜವಾಗ್ಲೂ ಕೇಳಿದ್ರಾ ಸಾರ್?"

ಅವರು ನನ್ನ ಮುಖ ನೋಡಲಿಲ್ಲ. ಪರದೆ ಮೇಲಿದ್ದ ಕೈಯನ್ನೇ ನೋಡ್ತಾ ಅಂದ್ರು, "ನೀರನ್ನ ಇನ್ನೊಂಚೂರು ಹಸಿರು ಮಾಡು. ಆಗ ಬೆರಳು ಬೆಳ್ಳಗೆ ಎದ್ದು ಕಾಣುತ್ತೆ."

ಮಾಡಿದೆ. ಅವರು ಎದುರಿಗೇ ಕೂತಿದ್ರಲ್ಲ, ಮಾಡಿದೆ. ಬೆರಳು ಬೆಳ್ಳಗೆ ಎದ್ದು ಕಂಡಿತು. ಅವರು ಹೋದ ಮೇಲೆ ಆ ಪೂರ್ತಿ ಶಾಟನ್ನ ಕೋಲಾರಕ್ಕೆ ಹೋಗೋ ದೃಶ್ಯಗಳ ಜೊತೆ ಸೇರಿಸಿಟ್ಟೆ.

ಒಂದನೇ ತಾರೀಖು ಬಾ. ಮುಂದಿನ ಸಾಲಲ್ಲೇ ಕೂತ್ಕೋ.

ದಿವ್ಯ


ಕುರುಡುಮಲೆ
೪ ಜೂನ್

ದಿವ್ಯಾ,

ನಿಮ್ಮ ಲ್ಯಾಬಿನವರು ನಿನ್ನನ್ನ ಹಿಂದಿನ ಬಾಗಿಲಿಂದಲೇ ಕಾರಿಗೆ ಹತ್ತಿಸಿಕೊಂಡು ಹೋದ್ರು ಅಂತ ಆಮೇಲೆ ತಿಳೀತು. ಪ್ರೊಜೆಕ್ಟರ್ ರೂಮಿನ ಗಾಜಿನ ಹಿಂದೆ ನಿಂತಿದ್ದೆ ನೀನು, ನಿನಗೆ ಕಂಡಿರುತ್ತೆ, ಕೇಳಿಸಿರಲ್ಲ. ಅದಕ್ಕೇ ಬರೀತಿದ್ದೀನಿ.

ಬಷೀರಾ ಜೊತೆಗೆ ಬಂದಿದ್ಲು. ಬಸ್ಸಿನಲ್ಲಿ "ಅಕ್ಕಾ, ನಿಮ್ಮ ಕೈ ಇಷ್ಟು ತಣ್ಣಗಿದೆ" ಅಂತ ಕೋಲಾರ ಬರೋವರೆಗೂ ಕೈ ಉಜ್ಜುತ್ತಾ ಬಂದ್ಲು. ಹಾಲ್ ತುಂಬಾ ಜನ. ಅವನಿಗೆ ಮೈಸೂರು ಪೇಟ, ದೊಡ್ಡ ಹಾರ. ಮೊದಲು ಮಾವಿನ ತೋಪು ತೋರಿಸಿದ್ರು. ಎಲ್ಲಿ ಬಿಸಿಲು ಸಾಲದೆ ಕನ್ನಡಿ ಹಿಡಿದ್ರು ಅನ್ನೋದನ್ನೆಲ್ಲ ಅವನು ತಮಾಷೆಯಾಗಿ ಹೇಳಿದ. ಜನ ನಕ್ರು. ಬಷೀರಾ ಕೂಡ ನಕ್ಕು ಬಾಯಿ ಮುಚ್ಕೊಂಡ್ಲು.

ಆಮೇಲೆ ಹೊಂಡ ಬಂತು. ನಾನು ಆ ಸಿನಿಮಾ ಯಾವತ್ತೂ ನೋಡಿರಲಿಲ್ಲವಲ್ಲ. ಅಣ್ಣನ ಕೈ ಕಂಡಿತು. ಜನ ಚಪ್ಪಾಳೆ ಹೊಡೆದ್ರು. ನಾನು ಸೀಟಿನ ಕಂಬಿ ಹಿಡ್ಕೊಂಡೆ.

ದೃಶ್ಯ ನಿಲ್ಲಲಿಲ್ಲ. ಅವನು ಮೈಕಿನಲ್ಲಿ "ಇದು... ಇದೆಲ್ಲಿ ಸಿಕ್ತು?" ಅಂದ. ಈಗ ಹೆದರ್ತಾನೆ, ಈಗ ಅವನ ಮುಖ ಬಿಳುಪಾಗುತ್ತೆ ಅಂತ ನಾನು ಕಣ್ಣು ಮಿಟುಕಿಸದೆ ನೋಡಿದೆ. ದಿವ್ಯಾ, ಅವನ ಮುಖ ಅರಳಿತು. ಕೋಲು ಊರಿಕೊಂಡು ಎದ್ದು ಪರದೆ ಹತ್ತಿರಕ್ಕೇ ಹೋದ.

"ನೋಡಿ, ನೋಡಿ! ನೀರು ಹೇಗೆ ಸುಮ್ಮನಾಗ್ತಿದೆ ನೋಡಿ. ಅಯ್ಯೋ, ಇದನ್ನ ನಾನು ಯಾಕೆ ಕತ್ತರಿಸಿದೆ! ಕ್ಯಾಮೆರಾದವನು ಆಪಮಂಟಾರಾ ಅಂತ ಕೇಳಿದ. ನಾನು ಒದ್ದು, ಕಾನೀ ಅಂದೆ. ನಾನು ಅವತ್ತು ಕಟ್ ಅಂದಿದ್ರೆ ಈ ಶಾಟ್ ಇರ್ತಿತ್ತಾ ಹೇಳಿ!"

ಯಾರೂ ಬಲವಂತ ಮಾಡಲಿಲ್ಲ, ಯಾರೂ ಕೇಳಲೂ ಇಲ್ಲ. ಅವನಾಗೇ ಹೇಳಿದ, ಮೈಕಿನಲ್ಲಿ, ನಗುನಗ್ತಾ.

ಅಷ್ಟರಲ್ಲಿ ಪರದೆ ಮೇಲೆ ನಾನು ಓಡಿ ಬಂದೆ, ಬಿದ್ದೆ. ಹಿಂದೆ ಯಾರೋ ಹೆಂಗಸು "ಅಯ್ಯೋ ಶಿವನೇ" ಅಂದ್ಲು. ಆಮೇಲೆ ಹಾಲಿನಲ್ಲಿ ಉಸಿರಿಲ್ಲ. ಆ ಮೌನ ಕೇಳಿ ಅವನು ಜನರ ಕಡೆ ತಿರುಗಿದ. ಆಗ, ಆಗ ತಿಳೀತು ಅವನಿಗೆ ತಾನು ಏನು ಹೇಳಿದೆ ಅಂತ.

ನಾನು ಎದ್ದೆ. ಮುಖಕ್ಕೆ ಉಗೀಬೇಕು ಅಂತ ಹೋಗಿದ್ದೋಳು, ಬಾಯಲ್ಲಿ ಎಂಜಲೇ ಇರಲಿಲ್ಲ.

"ಆ ಹಸಿರು ಲಂಗದೋಳು ನಾನು. ನೀರಲ್ಲಿ ಹೋದೋನು ನಮ್ಮಣ್ಣ. ಅವನ ಹೆಸರು ಹೇಳು" ಅಂದೆ.

"ಅಮ್ಮಾ... ಆ ಹುಡುಗ... ಬಹಳ ವರ್ಷ ಆಯ್ತು..."

"ಹೆಸರು."

ಪಕ್ಕದೋರ ಮುಖ ನೋಡಿದ. ಮೇಲೆ ನೋಡಿದ. ಅವನಿಗೆ ಗೊತ್ತೇ ಇಲ್ಲ ಕಣೇ. ಮರೆತಿದ್ದಲ್ಲ, ಅವತ್ತೂ ಕೇಳಿರಲಿಲ್ಲ ಅವನು.

ಮುಂದೆ ಕೂತಿದ್ದ ಹುಡುಗನೊಬ್ಬ "ನೀವೇ ಹೇಳಿ ಅಮ್ಮ" ಅಂದ. ನಾನು ಹೇಳಲಿಲ್ಲ. "ಇವನ ಕಿವಿಗೆ ನಾನು ಹಾಕಲ್ಲ" ಅಂತ ಹೇಳಿ ಈಚೆ ಬಂದೆ. ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ಕೂತು ಬಷೀರಾ ಅತ್ತಳು. ನನಗೆ ಹಸಿವಾಗಿತ್ತು. ಬಸ್ ಸ್ಟ್ಯಾಂಡಿನಲ್ಲಿ ಎರಡು ಪ್ಲೇಟು ಇಡ್ಲಿ ತಿಂದೆ.

ಅಮ್ಮ


ಚೆನ್ನೈ
೧೦ ಜುಲೈ

ಅಮ್ಮಾ,

ನಾನು ಕೆಲಸದಲ್ಲಿಲ್ಲ. ಮಾಲೀಕರು ಬೈಯಲಿಲ್ಲ, ಕಾಫಿ ಕೊಟ್ಟು ಕಳಿಸಿದ್ರು. ಒಂದು ಚಾನೆಲ್‌ನವರಿಗೆ ಹಳೇ ಧಾರಾವಾಹಿ ಸರಿ ಮಾಡಿಕೊಡ್ತಿದ್ದೀನಿ, ಹೊಟ್ಟೆಗೆ ತೊಂದರೆ ಇಲ್ಲ.

ಅವತ್ತು ಹಾಲಿನಲ್ಲಿ ಜನ ತೆಗೆದ ವಿಡಿಯೋ ಎಲ್ಲರ ಮೊಬೈಲಿಗೂ ಹೋಗಿದೆ. ಅಮರನಾಥ್‌ಗೆ ಬರ್ಬೇಕಿದ್ದ ಎರಡು ಪ್ರಶಸ್ತಿ ನಿಂತವು. ಪೊಲೀಸರು ಹೇಳಿಕೆ ತಗೊಂಡಿದ್ದಾರೆ. ಇಷ್ಟು ಹಳೇ ಕೇಸು, ಅವರ ವಯಸ್ಸು, ಆರೋಗ್ಯ ನೋಡಿದ್ರೆ ಏನೂ ಆಗಲ್ಲ ಅಂತ ಲಾಯರ್ ಹೇಳ್ತಾರೆ. ಹೃದಯಕ್ಕೆ ಎರಡು ಸಲ ಆಸ್ಪತ್ರೆ ಸೇರಿ ಬಂದ್ರಂತೆ.

ಇನ್ನೊಂದು ವಿಷಯ. ಚನ್ನರಾಯ ಮಾಮನ ಮನೆಯವರು ಬರವಣಿಗೆಯಲ್ಲಿ ಒಪ್ಪದ ಹೊರತು ಸಿನಿಮಾ ಹೊರಗೆ ಬಿಡಲ್ಲ ಅಂತ ನಿರ್ಮಾಪಕರ ಮಗ ಹೇಳಿದ್ದಾನೆ. ಈಗ ಮನೆಯವರು ಅಂದ್ರೆ ನೀನೊಬ್ಬಳೇ. ಒಪ್ಪಿದ್ರೆ ಮಾಮನ ಹೆಸರು ಹಾಕಿ, ಪೂರ್ತಿ ಶಾಟ್ ಹಾಗೇ ಇಟ್ಟು, ನಿಜ ಏನು ಅಂತ ಬರೆದು ತೋರಿಸ್ತಾರೆ. ಇಲ್ಲ ಅಂದ್ರೆ ಡಬ್ಬಗಳು ವಾಪಸ್ ಗೋಡೌನಿಗೆ.

ಅಮರನಾಥ್ ನನಗೆ ಫೋನ್ ಮಾಡ್ತಾನೇ ಇರ್ತಾರೆ. "ನಿಮ್ಮಮ್ಮ ಸಹಿ ಹಾಕ್ತಾರಾ?" ಅದೊಂದೇ ಮಾತು.

ಒಪ್ಪಿಕೋ ಅಮ್ಮ. ಅವರಿಗೋಸ್ಕರ ಅಲ್ಲ. ಹೇಳೋಕೆ ಸಂಕಟ ಆಗುತ್ತೆ, ಆದ್ರೂ ಹೇಳ್ತೀನಿ, ಅದು ದೊಡ್ಡ ಸಿನಿಮಾ. ಮಾಮ ಅದರಲ್ಲಿದ್ದಾರೆ. ಅವರಿಗೆ ಏನು ಮಾಡಿದ್ರು ಅಂತ ಲೋಕ ನೋಡ್ಲಿ.

ದಿವ್ಯ


ಕುರುಡುಮಲೆ
೨೮ ಜುಲೈ

ದಿವ್ಯಾ,

ಅವನು ಇಲ್ಲಿಗೇ ಬಂದಿದ್ದ.

ನಾನು ಟ್ರೇಗಳಿಗೆ ಬೀಜ ಹಾಕಿಸ್ತಿದ್ದೆ. ಕಾರಿನಿಂದ ಡ್ರೈವರ್ ಇಳಿಸಿದ. ಪೇಟ ಇಲ್ಲ, ಹಾರ ಇಲ್ಲ, ಮುದುಕ. ನೆರಳು ಪರದೆ ಕೆಳಗೆ ಬಷೀರಾ ಒಂದು ಕ್ರೇಟ್ ಮಗುಚಿ ಹಾಕಿದ್ಲು, ಅದರ ಮೇಲೆ ಕೂತ. ಕೂತ ತಕ್ಷಣ "ಚನ್ನರಾಯ" ಅಂದ.

"ಯಾರು ಹೇಳಿಕೊಟ್ರು?" ಅಂದೆ.

"ಪೇಪರಿನಲ್ಲಿ ಬಂದಿತ್ತಮ್ಮ."

"ಓದಿ ಕಲ್ತುಕೊಂಡು ನನಗೆ ಒಪ್ಪಿಸೋಕೆ ಬಂದ್ಯಾ? ನಾನೇನು ಮೇಷ್ಟ್ರಾ?"

ಅವನು ತಪ್ಪಾಯ್ತು ಅಂದ. ಮೂರು ನಾಲ್ಕು ಥರ ಅಂದ, ಚೆನ್ನಾಗಿ ಅಂದ. ಮಾತಿನಲ್ಲಿ ಅವನು ಎತ್ತಿದ ಕೈ. ನಾನು ಬೀಜ ಹಾಕ್ತಾನೇ ಇದ್ದೆ. ಆಮೇಲೆ ನಿಜವಾದ ಮಾತಿಗೆ ಬಂದ.

"ನಾನು ಬೇರೆ ಸಿನಿಮಾನೂ ಮಾಡಿದೆ. ಎಲ್ಲಾ ಕಸ. ಯಾವನಿಗೂ ನೆನಪಿಲ್ಲ. ಇದೊಂದೇ. ಇದು ಡಬ್ಬದಲ್ಲಿ ಕೊಳೆತು ಹೋದ್ರೆ ನಾನು ಹುಟ್ಟೇ ಇಲ್ಲ ಅಂತ ಆಗುತ್ತಮ್ಮ."

"ಆಗಲಿ" ಅಂದೆ.

"ನಿಮ್ಮ ಅಣ್ಣನಿಗೂ ಅದೇ ಆಗುತ್ತಲ್ಲ. ಅವನೂ ಅದರಲ್ಲೇ ಇರೋದು."

ನೋಡು, ಅವನಿಗೆ ಗೊತ್ತು ಎಲ್ಲಿ ಒತ್ತಬೇಕು ಅಂತ. ನನ್ನ ಕೈ ನಿಂತುಹೋಯ್ತು. ಅದನ್ನ ಅವನು ಕಂಡ.

"ಏನು ಬೇಕು ನಿಮಗೆ? ಹೇಳಿ, ಮಾಡ್ತೀನಿ."

"ನೀನು ಕೇಳ್ತಾ ಇರ್ಬೇಕು. ನಾನು ಇಲ್ಲ ಅಂತಾ ಇರ್ಬೇಕು. ಬೇರೇನೂ ಬೇಡ."

ಕಾಲಿಗೆ ಬೀಳೋಕೆ ಬಗ್ಗಿದ, ಹಿಂದೆ ಸರಿದೆ. ಎದ್ದೇಳೋಕೆ ಆಗದೆ ಮಣ್ಣಲ್ಲಿ ಮಂಡಿಯೂರಿ ಕೂತ. ನೀರು ಕೇಳಿದ. ಬಷೀರಾ ನನ್ನ ಮುಖ ನೋಡಿದ್ಲು. ಕೊಡು ಅಂದೆ. ಕೇಳಿದೋರಿಗೆ ನೀರಿಲ್ಲ ಅನ್ನೋ ಮನೆತನ ಅಲ್ಲ ನಮ್ಮದು. ಕುಡಿದು ಹೋದ.

ಸಹಿ ಹಾಕಲ್ಲ. ನೀನೂ ಕೇಳಬೇಡ.

ಅಮ್ಮ


ಚೆನ್ನೈ
೯ ಆಗಸ್ಟ್

ಅಮ್ಮಾ,

ನಿನ್ನ ಬಾಯಿ ಮೇಲೆ ಇನ್ನೊಬ್ಬರ ಕೈ ಇತ್ತು, ನೀನು ಕೂಗೋಕೆ ಆಗಲಿಲ್ಲ. ಈಗ ಯಾರ ಕೈಯೂ ಇಲ್ಲ. ಈಗ ಮುಚ್ಚಿ ಹಿಡಿದಿರೋದು ನೀನೇ. ಅವರ ಮೇಲಿನ ಹಟಕ್ಕೆ ಮಾಮನನ್ನ ಎರಡನೇ ಸಲ ಮುಳುಗಿಸ್ತಿದ್ದೀಯ.

ಇನ್ನು ನಾನು ಬರೆಯಲ್ಲ.

ದಿವ್ಯ


ಕುರುಡುಮಲೆ
೧೭ ನವೆಂಬರ್

ದಿವ್ಯಾ,

ಬರೆಯಲ್ಲ ಅಂದೋಳು ಬರೀಲಿಲ್ಲ. ನನ್ನ ಹೊಟ್ಟೆಯಲ್ಲೇ ಹುಟ್ಟಿದ್ದೀಯ, ಅನುಮಾನವೇ ಇಲ್ಲ.

ಅಮರನಾಥ್ ಹೋದ ಸುದ್ದಿ ನಿನಗೂ ತಲುಪಿರುತ್ತೆ. ಮಾಲೂರಿನಲ್ಲಿ, ಅವನ ಹಳೇ ಮನೆಯಲ್ಲಿ. ದೀಪಾವಳಿಗೆ ಮುಂಚೆ ಇನ್ನೊಂದು ಸಲ ಬಂದಿದ್ದ. ಇಳಿಯೋಕೆ ಆಗಲಿಲ್ಲ, ಕಾರಿನಲ್ಲೇ ಕೂತಿದ್ದ. ಡ್ರೈವರ್ ಬಂದು "ಯಜಮಾನರು ಕೇಳ್ತಿದಾರೆ" ಅಂದ. ನಾನು ಕಾರಿನ ಕಿಟಕಿ ಹತ್ತಿರ ಹೋದೆ. ಅವನಿಗೆ ಮಾತು ಬರ್ತಿರಲಿಲ್ಲ, ಕಣ್ಣಲ್ಲೇ ಕೇಳಿದ. ನಾನು ಬಾಯಿಬಿಟ್ಟು ಹೇಳಿದೆ, ಇಲ್ಲ ಅಂತ. ಅವನು ಕಣ್ಣು ಮುಚ್ಚಿಕೊಂಡ. ಕಾರು ತಿರುಗಿಸಿಕೊಂಡು ಹೋದ್ರು.

ಬಷೀರಾ ಅವತ್ತು ನನ್ನ ಜೊತೆ ಮಾತು ಬಿಟ್ಲು. "ಸಾಯೋ ಮನುಷ್ಯನ ಮುಂದೆ ಇಷ್ಟು ಗಟ್ಟಿ ಆಗಬಾರದು ಅಕ್ಕಾ" ಅಂದ್ಲು. ಆಗಬಾರದೇನೋ. ಸತ್ತ ಸುದ್ದಿ ಅವಳೇ ಬಂದು ಹೇಳಿದ್ಲು. ನಾನು ಅಳಲಿಲ್ಲ, ಸಮಾಧಾನವೂ ಆಗಲಿಲ್ಲ. ಮೆಣಸಿನ ಸಸಿ ತಗೊಂಡು ಹೋಗೋಕೆ ಮುದುವಾಡಿಯಿಂದ ವ್ಯಾನು ಬಂದಿತ್ತು, ತುಂಬಿಸಿ ಕಳಿಸಿದೆ. ರಾಗಿ ಬೀಸಿಸಿಕೊಂಡು ಬಂದೆ. ಮೈಯೆಲ್ಲ ಹಗುರ ಆಗುತ್ತೆ ಅಂದ್ಕೊಂಡಿದ್ದೆ, ಸುಳ್ಳು. ಖಾಲಿ ಆಯ್ತು, ಅಷ್ಟೇ. ಅವನನ್ನ ಹೊತ್ತುಕೊಂಡಿದ್ದ ಜಾಗ ಅದು, ಈಗ ಅಲ್ಲಿ ಏನಿಡೋದು ಅಂತ ಗೊತ್ತಾಗ್ತಿಲ್ಲ.

ನೀನು ಬರೆದಿದ್ದು ಸರಿ. ನಾನೇ ಮುಚ್ಚಿ ಹಿಡಿದಿದ್ದೆ. ಬೇಕಂತಲೇ ಹಿಡಿದಿದ್ದೆ. ಮೊದಲು ಸುಡು ಅಂದಿದ್ದೆ ನಿಜ, ಆದರೆ ಕೋಲಾರದಲ್ಲಿ ಅಣ್ಣನ ಕೈ ನೋಡಿದ ದಿನದಿಂದ ಸಿನಿಮಾ ತೋರಿಸಬಾರದು ಅಂತ ನನಗೆ ಇರಲಿಲ್ಲ. ಅಷ್ಟು ಜನ ಅಣ್ಣನಿಗೋಸ್ಕರ ಉಸಿರು ಹಿಡ್ಕೊಂಡಿದ್ರಲ್ಲ. ಆದ್ರೆ ಅದನ್ನ ಅಮರನಾಥನಿಗೆ ಹೇಗೆ ಹೇಳಲಿ? ಹೇಳಿದ್ರೆ ಅವನು ನೆಮ್ಮದಿಯಾಗಿ ಹೋಗ್ತಿದ್ದ.

ಈ ಕಾಗದದ ಜೊತೆ ಒಪ್ಪಿಗೆ ಇಟ್ಟಿದ್ದೀನಿ. ಸಹಿ ಹಾಕಿದ್ದೀನಿ, ಬಷೀರಾ ಸಾಕ್ಷಿ. ನಮ್ಮಣ್ಣನ ಹೆಸರು ಮೊದಲು ಬರ್ಲಿ, ಚನ್ನರಾಯ, ತಂದೆ ದೊಡ್ಡಮುನಿಯಪ್ಪ, ಕುರುಡುಮಲೆ ಅಂತ. ಶೋಭಾರಾಣಿ ನೀರಿಗಿಳಿದಿದ್ದು ಪೂರ್ತಿ ಇರ್ಲಿ. ನೀರಿನ ಹಸಿರು ಅಮರನಾಥ್ ಹೇಳಿದಷ್ಟು ಬೇಡ, ನಮ್ಮ ಹೊಂಡ ಇರೋ ಹಾಗೆ ಮಾಡಿಸು. ಬೇಕಾದ್ರೆ ಬಂದು ನೋಡಿಕೊಂಡು ಹೋಗು.

ಇದನ್ನ ಇನ್ನು ಯಾರೂ ನೋಡಲ್ಲ ಅಂತ ತಿಳ್ಕೊಂಡೇ ಅವನು ಸತ್ತ. ಇನ್ನು ಎಲ್ಲರಿಗೂ ತೋರಿಸು.

ಅಮ್ಮ